ಕುರಿಯ ಯಕೃತ್ತು, ಮೈಲಾರದ ಕಾರಣಿಕ

ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಬ್ಯಾಬಿಲೋನಿಯದ ಪುರೋಹಿತನು ಬಲಿಯಾದ ಕುರಿಯ ಯಕೃತ್ತಿನ ಗೆರೆಗಳಲ್ಲಿ ಅರಸನ ಭವಿಷ್ಯವನ್ನು ಓದುತ್ತಿದ್ದನು. ಗುರುತುಗಳನ್ನು ಬರೆದ ಜೇಡಿಮಣ್ಣಿನ ಯಕೃತ್ತೊಂದು ಇಂದಿಗೂ ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಎಟ್ರುಸ್ಕರ ಕಂಚಿನ ಯಕೃತ್ತು 1877ರಲ್ಲಿ ಇಟಲಿಯ ಪಿಯಾಚೆಂಜಾದ ಬಳಿ ದೊರೆಯಿತು.

ನಾಳೆಯನ್ನು ಅರಿಯುವ ಈ ಹಂಬಲ ನಮ್ಮ ಹಡಗಲಿ ಸೀಮೆಗೂ ಹೊಸತಲ್ಲ. ಭರತ ಹುಣ್ಣಿಮೆಯ ತರುವಾಯ ಮೈಲಾರದ ಡೆಂಕನಮರಡಿಯಲ್ಲಿ, ಉಪವಾಸವ್ರತದಲ್ಲಿದ್ದ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ನೆರೆದ ಲಕ್ಷಾಂತರ ಜನ ಸ್ತಬ್ಧರಾಗುತ್ತಾರೆ. ಒಂದೇ ಒಂದು ನುಡಿ. ಮರುಕ್ಷಣ ಅವನು ಮೇಲಿನಿಂದ ಬೀಳುತ್ತಾನೆ. ಅದೇ ಕಾರಣಿಕ.

ಬಾಲ್ಯದಲ್ಲಿ, ಕೂಡ್ಲಿಗಿಗೆ ಮರಳುವ ಬಂಡಿಯಲ್ಲಿ ಹಿರಿಯರು ಇರುಳೆಲ್ಲ ಆ ನುಡಿಯನ್ನು ಬಿಡಿಸುತ್ತಿದ್ದುದನ್ನು ನಾನು ಕೇಳಿದ್ದೇನೆ. ಒಬ್ಬರಿಗೆ ಅದು ಮಳೆ, ಇನ್ನೊಬ್ಬರಿಗೆ ಬರ. ಒಂದು ವರ್ಷ ಎಲ್ಲರೂ ಮಳೆಯೆಂದೇ ಅರ್ಥಮಾಡಿ ಹಳೆಯ ಜೋಳವನ್ನು ಮಾರಿದರು. ನಮ್ಮ ತಂದೆಯವರು ಮಾತ್ರ ಹಗೇವನ್ನು ತೆರೆಯಲಿಲ್ಲ. ಮಳೆ ಕೈಕೊಟ್ಟಿತು, ಆ ಹಗೇವಿನ ಜೋಳ ನಾಲ್ಕು ಮನೆಗಳನ್ನು ಉಳಿಸಿತು.

ಕಾರಣಿಕವನ್ನು ನಂಬಲಿಲ್ಲವೇ ಎಂದು ನಾನು ಕೇಳಿದಾಗ ಅವರೆಂದರು: “ನುಡಿ ದೇವರ್ದು, ಅರ್ಥ ನಮ್ದಪ್ಪಾ.”

ಬ್ಯಾಬಿಲೋನಿಯದಲ್ಲಿ ಅರ್ಥ ಹೇಳುವ ಅಧಿಕಾರ ಬಲ್ಲ ಕೆಲವರದಾಗಿತ್ತು. ಮೈಲಾರದಲ್ಲಿ ಅದು ಬಂಡಿಯಲ್ಲಿ ಕುಳಿತ ಒಕ್ಕಲಿಗನದು. ಅದರ ಹೊಣೆಯೂ ಅವನದೇ.