ಹಳೆಯ ಕುರಾನ್ ರದ್ದಿಗಲ್ಲ



ಹರಿದ ಪುಸ್ತಕವನ್ನು ನಾವು ರದ್ದಿಗೆ ಹಾಕ್ತೀವಿ. ಕುರಾನ್ ಹರಿದರೆ ಮುಸ್ಲಿಮರು ಹಾಗೆ ಮಾಡೋದಿಲ್ಲ. ಅದರಲ್ಲಿರುವುದು ದೇವರ ಮಾತು ಎಂಬುದು ಅವರ ನಂಬಿಕೆ. ಶುಭ್ರ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಜಾಗದಲ್ಲಿ ಹೂಳುತ್ತಾರೆ. ಕೆಲವರು ಭಾರ ಕಟ್ಟಿ ಆಳದ ನೀರಿಗೆ ಬಿಡುತ್ತಾರೆ. ಸುಡಬಹುದೇ? ಈ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ.

ಯೆಮೆನ್ ದೇಶದಲ್ಲಿ ಸನಾ ಎಂಬ ಊರಿದೆ. ಅಲ್ಲಿನ ದೊಡ್ಡ ಮಸೀದಿಯಲ್ಲಿ ಹಳೆಯ ಹಾಳೆಗಳನ್ನು ಸೂರಿನ ಸಂದಿಯಲ್ಲಿ ಇಟ್ಟಿದ್ದರು. 1972ರಲ್ಲಿ ರಿಪೇರಿ ಮಾಡುವಾಗ ಸಿಕ್ಕವು. ಚರ್ಮದ ಹಾಳೆಗಳು! ಕೆಲವು ಸಾವಿರದ ಮುನ್ನೂರು ವರ್ಷಕ್ಕೂ ಹಳೆಯವು. ಅಂದು ಎಸೆದಿದ್ದರೆ ಇಂದು ಓದೋಕೆ ಸಿಗುತ್ತಿತ್ತೇ?

ಅಂಗಡಿ ಇಟ್ಟವರಿಗೆ ಒಂದು ಮಾತು. ರದ್ದಿಯಲ್ಲಿ ಅರಬ್ಬಿ ಅಕ್ಷರದ ಹಾಳೆ ಬಂದರೆ ಪೊಟ್ಟಣ ಕಟ್ಟಬೇಡಿ. ಏನು ಬರೆದಿದೆಯೋ ನಮಗೆ ತಿಳಿಯದು. ತೆಗೆದಿಟ್ಟು ಹತ್ತಿರದ ಮಸೀದಿಗೆ ಕೊಡಿ.