ಹೊಳಪಿನ ಬೆಲೆ

ಮಳೆಗಾಲ ಕಳೆದು ಬಿಸಿಲು ಮೂಡಿತೆಂದರೆ ಮಂಗಳೂರಿನಲ್ಲಿ ಕಾರಿಗೆ ಪಾಲಿಶ್ ಮಾಡಿಸುವವರ ಸರದಿ ಆರಂಭವಾಗುತ್ತದೆ. ನಾಲ್ಕು ತಿಂಗಳಲ್ಲಿ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಬಣ್ಣ ಮಂಕಾಗುವುದು ಸಹಜವೇ. ಆದರೆ ಪಾಲಿಶ್ ಎಂದರೆ ಬಣ್ಣದ ಮೇಲೆ ಏನನ್ನೋ ಬಳಿಯುವುದೆಂದು ಹಲವರು ಭಾವಿಸಿರುವುದನ್ನು ನಾನು ಕಂಡಿದ್ದೇನೆ. ವಾಸ್ತವವಾಗಿ ಅದು ಸವೆಸುವ ಕೆಲಸ. ಗೀರು ಕಾಣದಾಗುವವರೆಗೆ ಅದರ ಸುತ್ತಲಿನ ಮೈಯನ್ನೇ ತೆಳುಮಾಡುವುದು.

ಇಂದಿನ ಕಾರುಗಳಲ್ಲಿ ಬಣ್ಣದ ಮೇಲಿರುವ ಪಾರದರ್ಶಕ ಲೇಪದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲು ಎನ್ನಿ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದು ಇದೇ ಲೇಪ. ವರ್ಷವರ್ಷವೂ ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿಸಿದರೆ ಅದು ಸವೆದು, ಬಣ್ಣ ಬಿಳಿಚಿಕೊಂಡು, ಕೊನೆಗೆ ಕಡಲ ಉಪ್ಪುಗಾಳಿಗೆ ತಗಡೇ ಮೈಯೊಡ್ಡಬೇಕಾಗುತ್ತದೆ.

ತೇವದ ಹವೆಯ ತೊಡಕು ಬೇರೆ. ಬೆಳಗಿನ ತಣ್ಣನೆಯ ತಗಡಿನ ಮೇಲೆ ತೆಳುವಾದ ಇಬ್ಬನಿ ಕುಳಿತಿರುತ್ತದೆ. ಅದರ ಮೇಲೆ ಹಚ್ಚಿದ ಮೇಣ ಸರಿಯಾಗಿ ಹಿಡಿಯದು. ಲ್ಯಾಕರ್ ಬಣ್ಣವನ್ನು ಮಳೆಯ ದಿನ ಸಿಂಪಡಿಸಿದರೆ, ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ನೀರಾಗಿ ಇಳಿದು, ಹಾಲಿನಂತಹ ಬಿಳುಪು ಮೂಡುತ್ತದೆ. ಹಳೆಯ ಪೇಂಟರುಗಳು ಮಳೆ ನಿಲ್ಲಲೆಂದು ಕಾಯುತ್ತಿದ್ದುದು ಸೋಮಾರಿತನದಿಂದಲ್ಲ.

ಆದುದರಿಂದ ನನ್ನ ಬಿನ್ನಹವಿಷ್ಟೆ. ಧೂಳು ಕುಳಿತ ಕಾರನ್ನು ಒಣಬಟ್ಟೆಯಿಂದ ಒರೆಸದಿರಿ. ಗೀರುಗಳು ಹುಟ್ಟುವುದೇ ಅಲ್ಲಿ. ಧಾರಾಳವಾಗಿ ನೀರು ಹಾಕಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಅನಂತರ ಮೇಣ ಹಚ್ಚಿರಿ. ಉಗುರಿಗೆ ತಗಲುವಷ್ಟು ಆಳವಾದ ಗೀರನ್ನು ಉಜ್ಜಿ ಅಳಿಸಹೊರಡದೆ, ಆ ಜಾಗಕ್ಕಷ್ಟೇ ಬಣ್ಣ ಮುಟ್ಟಿಸಿರಿ. ಕಾರು ಕನ್ನಡಿಯಂತೆ ಹೊಳೆಯದಿದ್ದರೂ ಚಿಂತೆಯಿಲ್ಲ. ಬಣ್ಣ ಉಳಿದರೆ ತಗಡು ಉಳಿಯುತ್ತದೆ.