ತೂಕ ನೋಡಿ ಕೊಡುವ ಶಿಕ್ಷೆ
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಕೀಲನಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಇಂದು ಒಂದು ಕಾನೂನಿನ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹತ್ತೊಂಬತ್ತು ವರ್ಷದವನು, ಗಾಂಜಾ ಪೊಟ್ಟಣದೊಂದಿಗೆ ಸಿಕ್ಕಿಬಿದ್ದ. ಅವನ ತಾಯಿಯ ಜೊತೆ ನಾನೂ ವಕೀಲರಲ್ಲಿಗೆ ಹೋದೆ. ಹುಡುಗ ಎಂಥವನು ಎಂದು ಅವರು ಕೇಳಲಿಲ್ಲ. "ಪಂಚನಾಮೆಯಲ್ಲಿ ತೂಕ ಎಷ್ಟು ಬರೆದಿದ್ದಾರೆ?" ಎಂಬುದೇ ಮೊದಲ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಇತಿಹಾಸವಿದೆ. 1930ರ ಅಪಾಯಕಾರಿ ಮಾದಕ ವಸ್ತುಗಳ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ಹೆಚ್ಚೆಂದರೆ 3 ವರ್ಷ ಜೈಲು. ಕನಿಷ್ಠ ಶಿಕ್ಷೆ ಎಂಬುದೇ ಇರಲಿಲ್ಲ. ಕಳ್ಳಸಾಗಣೆಗೆ ಇದು ಸಾಲದೆಂದು 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಗಾಂಜಾಕ್ಕೆ ಬೇರೆ ಲೆಕ್ಕವಿತ್ತು. ಆದರೆ ಹೆರಾಯಿನ್, ಚರಸ್ ಮುಂತಾದವುಗಳಿಗೆ ಕನಿಷ್ಠ 10 ವರ್ಷ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಆರೋಪಿಯ ವಯಸ್ಸು, ಬಡತನ ಏನನ್ನು ನೋಡಿದರೂ ನ್ಯಾಯಾಧೀಶರು ಹತ್ತಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ಸ್ವಂತ ಸೇವನೆಗೆ ಅಲ್ಪ ಪ್ರಮಾಣ ಇಟ್ಟುಕೊಂಡವನಿಗೆ ಕಡಿಮೆ ಶಿಕ್ಷೆ ಇತ್ತು ನಿಜ. ಆದರೆ ಅದು ಸ್ವಂತಕ್ಕೆಂದು ಅವನೇ ರುಜುವಾತು ಮಾಡಬೇಕಿತ್ತು.

ಅದರಿಂದ ಏನಾಯಿತು ನೋಡಿ. ಕೇರಳದ ಒಬ್ಬನ ಬಳಿ ಸಿಕ್ಕಿದ್ದು 100 ಮಿಲಿಗ್ರಾಂ ಹೆರಾಯಿನ್. ಜ್ವರಕ್ಕೆ ನುಂಗುವ 500ರ ಮಾತ್ರೆಯ ಐದನೇ ಒಂದು ಭಾಗ! ಅವನಿಗೆ 10 ವರ್ಷ ಶಿಕ್ಷೆಯಾಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ಇದು ಸ್ವಂತ ಸೇವನೆಗೆ ಎಂದು ಒಪ್ಪಿ ಶಿಕ್ಷೆ ಇಳಿಸಿತು. ಸುಪ್ರೀಂ ಕೋರ್ಟ್‌ವರೆಗೆ ಹೋಗಲಾಗದವರ ಗತಿ ಏನು?

ಸಂಸತ್ತು 2001ರಲ್ಲಿ ತಿದ್ದುಪಡಿ ತಂದಿತು. ಶಿಕ್ಷೆಯನ್ನು ಪ್ರಮಾಣಕ್ಕೆ ಕಟ್ಟಿತು. ಗಾಂಜಾ 1 ಕಿಲೋವರೆಗೆ, ಹೆರಾಯಿನ್ 5 ಗ್ರಾಂವರೆಗೆ ಅಲ್ಪ ಪ್ರಮಾಣ. ಅದಕ್ಕೆ ಆಗ 6 ತಿಂಗಳವರೆಗೆ, 2014ರ ತಿದ್ದುಪಡಿಯ ನಂತರ 1 ವರ್ಷದವರೆಗೆ ಶಿಕ್ಷೆ. ಗಾಂಜಾ 20 ಕಿಲೋ, ಹೆರಾಯಿನ್ 250 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಅಲ್ಲಿ ಕನಿಷ್ಠ 10 ವರ್ಷ ಹಾಗೆಯೇ ಉಳಿಯಿತು, ಜಾಮೀನೂ ಬಹಳ ಕಷ್ಟ. ನಡುವಿನ ಪ್ರಮಾಣಕ್ಕೆ 10 ವರ್ಷದವರೆಗೆ, ಕನಿಷ್ಠ ಎಂಬುದಿಲ್ಲ.

ಒಳ್ಳೆಯ ಸುಧಾರಣೆಯೇ. ಆದರೆ ಯಾವುದರ ತೂಕ? ಬೀದಿಯಲ್ಲಿ ಸಿಗುವ ಹೆರಾಯಿನ್ ಶುದ್ಧವಲ್ಲ, ಕಲಬೆರಕೆ. ಶುದ್ಧ ಮಾದಕದ ತೂಕ ಮಾತ್ರ ಲೆಕ್ಕ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಇಡೀ ಮಿಶ್ರಣವೇ ಲೆಕ್ಕ ಎಂದಿತು. ಅಂದರೆ 260 ಗ್ರಾಂ ಪುಡಿಯಲ್ಲಿ ಹೆರಾಯಿನ್ 10 ಗ್ರಾಂ ಇದ್ದರೂ ಕನಿಷ್ಠ 10 ವರ್ಷ. ಉಳಿದ 250 ಗ್ರಾಂ ಸಕ್ಕರೆ ಪುಡಿಯಾದರೂ ಸರಿ!

ನಮ್ಮ ಉರ್ದುವಿನ 'ಇನ್ಸಾಫ್' ಎಂಬ ಮಾತಿನ ಬೇರು 'ನಿಸ್ಫ್', ಅಂದರೆ ಅರ್ಧ. ಎರಡೂ ಕಡೆ ನೋಡಿ ಸಮನಾಗಿ ಪಾಲು ಮಾಡುವುದು. ಕನಿಷ್ಠ ಶಿಕ್ಷೆ ಬಂದಲ್ಲಿ ನ್ಯಾಯಾಧೀಶರಿಗೆ ಒಂದು ಕಡೆ ಮಾತ್ರ ಕಾಣುತ್ತದೆ. ನಶೆ ಕೆಟ್ಟದ್ದು, ಅದರಲ್ಲಿ ಈ ಸಭೆಯಲ್ಲಿ ಎರಡು ಮಾತಿಲ್ಲ. ಸಾಗಿಸುವವರಿಗೆ ಭಯ ಬೇಡವೇ ಎಂದು ಹಿರಿಯರು ಕೇಳಬಹುದು. ಬೇಕು. ಆದರೆ ಪೊಟ್ಟಣ ಹೊತ್ತು ಸಿಕ್ಕಿಬೀಳುವವನು ಎಷ್ಟೋ ಸಲ ಕೂಲಿಗೆ ಬಂದವನು. ಮಾಲೀಕ ಯಾರೋ, ಎಲ್ಲೋ.

ಬರೀ ಸೇವಿಸುವವರನ್ನು ಜೈಲಿನ ಬದಲು ಚಿಕಿತ್ಸೆಗೆ ಕಳುಹಿಸಬೇಕೆಂದು 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ ಸಲಹೆ ಕೊಟ್ಟಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಯಿತು. ಆದರೆ ಅದು ಹಿಂದಿನ ತಿದ್ದುಪಡಿಯ ಬರವಣಿಗೆಯ ತಪ್ಪೊಂದನ್ನು ಸರಿಪಡಿಸಿತೇ ಹೊರತು ಈ ಸಲಹೆಯನ್ನು ಮುಟ್ಟಲಿಲ್ಲ. ಮುಟ್ಟಬೇಕಿತ್ತು ಎಂದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳೇ, ಕಲಂ 64ಎ ಎಂಬುದನ್ನು ಬರೆದಿಟ್ಟುಕೊಳ್ಳಿ. ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣ ಮಾಡಿದರೆ ಮೊಕದ್ದಮೆಯಿಂದ ಅವನಿಗೆ ರಕ್ಷಣೆ ಉಂಟು. ಆ ಹುಡುಗನ ಪೊಟ್ಟಣ ಒಂದು ಕಿಲೋದೊಳಗಿತ್ತು, ಜಾಮೀನು ಸಿಕ್ಕಿತು. ಈಗ ಆಸ್ಪತ್ರೆಗೆ ಹೋಗುತ್ತಿದ್ದಾನೆ. "ಈ ದಾರಿ ಇದೆ ಅಂತ ಮೊದಲೇ ಯಾಕೆ ಹೇಳಲಿಲ್ಲ ಮಾಸ್ಟರ್ ಸಾಬ್?" ಎಂದು ಅವನ ತಾಯಿ ಕೇಳಿದರು. ನನಗೂ ಗೊತ್ತಿರಲಿಲ್ಲ.